ಐಡಿ ಬ್ಲಾಕ್ ಆದರೆ ಯಾರನ್ನು ಕೇಳಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಗೆ ಊಟ ತಂದುಕೊಡುವ ಹುಡುಗರ ಹತ್ತಿರ ಒಂದೆರಡು ನಿಮಿಷ ಮಾತಾಡಿ ನೋಡಿ. ಈ ಕೆಲಸದಲ್ಲಿ ಯಾವುದಕ್ಕೆ ಜಾಸ್ತಿ ಹೆದರಿಕೆ ಅಂತ ಕೇಳಿ. ಮಳೆ, ಟ್ರಾಫಿಕ್, ಪೊಲೀಸ್ ದಂಡ ಎಲ್ಲ ಆಮೇಲೆ. ಮೊದಲು ಬರುವ ಉತ್ತರ, "ಐಡಿ ಬ್ಲಾಕ್ ಆಗೋದು ಸಾರ್."

ಈ ಮಾತು ಕೆಲವರಿಗೆ ಹೊಸದಿರಬಹುದು. ಆ್ಯಪ್ ಕಂಪನಿಯಲ್ಲಿ ಕೆಲಸ ಅಂದರೆ ಮೊಬೈಲಿನಲ್ಲಿರುವ ಒಂದು ಐಡಿ. ಬೆಳಗ್ಗೆ ಲಾಗಿನ್ ಆದರೆ ಕೆಲಸ ಇದೆ. ಲಾಗಿನ್ ಆಗದಿದ್ದರೆ ಕೆಲಸ ಹೋಯಿತು. ನಮ್ಮ ಬೀದಿಯಲ್ಲಿ ಬಾಡಿಗೆಗಿರುವ ಸಿಂಧನೂರಿನ ಕಡೆಯ ಒಬ್ಬ ಹುಡುಗನಿಗೆ ಹೀಗೇ ಆಯಿತು. ಯಾರೋ ಗ್ರಾಹಕರು ಪಾರ್ಸೆಲ್ ಬಂದಿಲ್ಲ ಅಂತ ದೂರು ಕೊಟ್ಟಿದ್ದರಂತೆ. ಇವನು ಕೊಟ್ಟು ಬಂದಿದ್ದ. ಅದನ್ನು ಹೇಳೋಣ ಅಂದರೆ ಯಾರಿಗೆ ಹೇಳುವುದು? ಆ್ಯಪ್‌ನ ಚಾಟ್‌ನಲ್ಲಿ ಎಷ್ಟು ಸಲ ಬರೆದರೂ ಅದೇ ಸಿದ್ಧ ಉತ್ತರ. ಆಫೀಸಿಗೆ ಹೋದರೆ ಗೇಟಿನಲ್ಲಿ ಸೆಕ್ಯುರಿಟಿಯವರು ಒಳಗೆ ಬಿಡಲಿಲ್ಲ. ಬೈಕಿನ ಇಎಂಐ ಮಾತ್ರ ತಿಂಗಳು ತಿಂಗಳು ಬರುತ್ತಲೇ ಇತ್ತು. ದೂರು ಕೊಟ್ಟವರು ಯಾರು, ತೀರ್ಮಾನ ಮಾಡಿದವರು ಯಾರು ಅಂತ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಸಂಬಳ ಕಡಿಮೆ ಅಂದರೆ ಹೇಗೋ ಹೊಂದಿಸಿಕೊಳ್ಳಬಹುದು. ಕೆಲಸ ಕಿತ್ತುಕೊಂಡು ಕಾರಣವನ್ನೇ ಹೇಳದಿದ್ದರೆ ಏನು ಮಾಡಬೇಕು? ನನ್ನ ಮಟ್ಟಿಗೆ ಇದು ಇವತ್ತಿನ ಟೆಕ್ ಕಂಪನಿಗಳ ಅತಿ ದೊಡ್ಡ ಅನ್ಯಾಯ.

ಇದೇ ಬೆಂಗಳೂರಿನಲ್ಲಿ ಎಚ್‌ಎಂಟಿ, ಐಟಿಐ, ಬಿಇಎಲ್, ಬಿನ್ನಿ ಮಿಲ್‌ನಂಥ ದೊಡ್ಡ ಕಾರ್ಖಾನೆಗಳ ಕಾಲ ನೆನಪಿದೆಯಲ್ವಾ? ಆಗ 1946ರ ಸ್ಟ್ಯಾಂಡಿಂಗ್ ಆರ್ಡರ್ ಕಾಯ್ದೆ ನಡೆಯುತ್ತಿತ್ತು. ಕೆಲಸದ ನಿಯಮಗಳನ್ನು ಬರೆದು, ಸರ್ಕಾರದ ಅಧಿಕಾರಿಯಿಂದ ಒಪ್ಪಿಗೆ ಪಡೆದು, ಕೆಲಸಗಾರರ ಕಣ್ಣಿಗೆ ಬೀಳುವಂತೆ ಹಾಕಬೇಕಿತ್ತು. ಯಾವುದು ತಪ್ಪು, ಅದಕ್ಕೇನು ಶಿಕ್ಷೆ ಅಂತ ಅದರಲ್ಲಿ ಇರುತ್ತಿತ್ತು. ಯಾರ ಮೇಲಾದರೂ ಆರೋಪ ಬಂದರೆ ಚಾರ್ಜ್‌ಶೀಟ್ ಕೊಡಬೇಕು, ಎನ್‌ಕ್ವಯರಿ ನಡೆಸಬೇಕು, ಅವನ ಮಾತು ಕೇಳಬೇಕು. ಆ ಎನ್‌ಕ್ವಯರಿಗಳೆಲ್ಲ ನ್ಯಾಯವಾಗಿಯೇ ನಡೆದವು ಅಂತ ನಾನು ಹೇಳುವುದಿಲ್ಲ. ಆದರೆ ಮೇಜಿನ ಆಚೆ ಒಬ್ಬ ಮನುಷ್ಯ ಕೂತಿರುತ್ತಿದ್ದ. ಅವನ ಸಹಿ ಇರುತ್ತಿತ್ತು. ಆ ಕಾಗದ ಹಿಡಿದು ಲೇಬರ್ ಕೋರ್ಟಿಗೆ ಹೋಗಬಹುದಿತ್ತು.

ಆ್ಯಪ್ ಕಂಪನಿಗಳು ಕೆಲಸಗಾರರನ್ನು ಪಾರ್ಟ್ನರ್ ಅನ್ನುತ್ತವೆ. ನಮ್ಮಲ್ಲಿ ನೌಕರರೇ ಇಲ್ಲ, ಆದ್ದರಿಂದ ಆ ನಿಯಮಗಳೂ ನಮಗಿಲ್ಲ ಅನ್ನುವುದು ಅವರ ವಾದ. ಬ್ರಿಟನ್ನಿನಲ್ಲೂ ಊಬರ್ ಇದೇ ರೀತಿ ವಾದ ಮಾಡಿತ್ತು. 2021ರ ಫೆಬ್ರುವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ದರ ನೀವೇ ಇಡುತ್ತೀರಿ, ರೇಟಿಂಗ್ ನೋಡಿ ನೀವೇ ತೆಗೆದುಹಾಕುತ್ತೀರಿ, ಹಾಗಾಗಿ ಈ ಚಾಲಕರು ಕನಿಷ್ಠ ಕೂಲಿಗೂ ರಜೆಗೂ ಹಕ್ಕಿರುವ ಕೆಲಸಗಾರರೇ ಎಂಬುದು ತೀರ್ಪಿನ ಸಾರ. ನಮ್ಮಲ್ಲಿ ಇನ್ನೂ ಅಷ್ಟು ದೂರ ಹೋಗಿಲ್ಲ.

ಹೋಗಿರುವಷ್ಟು ದೂರವೂ ಚಿಕ್ಕದೇನಲ್ಲ. 2023ರಲ್ಲಿ ರಾಜಸ್ಥಾನ ಗಿಗ್ ಕಾರ್ಮಿಕರಿಗಾಗಿ, ಅಂದರೆ ಇಂಥ ಆ್ಯಪ್ ಕೆಲಸಗಾರರಿಗಾಗಿ, ದೇಶದ ಮೊದಲ ಕಾಯ್ದೆ ಮಾಡಿತು. ಕರ್ನಾಟಕ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದು, ಅದೇ ವರ್ಷ ಕಾಯ್ದೆ ಮಾಡಿತು. ಪತ್ರಿಕೆಗಳಲ್ಲಿ ಹೆಚ್ಚಾಗಿ ಬಂದದ್ದು ದುಡ್ಡಿನ ವಿಷಯ. ಪ್ರತಿ ಆರ್ಡರಿಗೆ ಕೆಲಸಗಾರನಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಂಪನಿ ಕಲ್ಯಾಣ ಶುಲ್ಕ ಕಟ್ಟಬೇಕು, ಅದು ಕಲ್ಯಾಣ ಮಂಡಳಿಯ ನಿಧಿಗೆ ಹೋಗುತ್ತದೆ. ಒಳ್ಳೆಯದೇ. ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ಕಂಪನಿ ಯಾರನ್ನಾದರೂ ತೆಗೆಯಬೇಕಾದರೆ ಬರಹದಲ್ಲಿ ಸರಿಯಾದ ಕಾರಣ ಕೊಡಬೇಕು, 14 ದಿನ ಮೊದಲೇ ನೋಟಿಸ್ ಕೊಡಬೇಕು. ಪ್ರಶ್ನೆ ಕೇಳಲು ಒಬ್ಬ ಮನುಷ್ಯ ಸಿಗಬೇಕು ಅನ್ನುವುದೂ ಅದರಲ್ಲಿದೆ. ನನಗೆ ಶುಲ್ಕಕ್ಕಿಂತ ಈ ಮಾತೇ ದೊಡ್ಡದು. ದುಡ್ಡು ನಾಳೆ ಹೆಚ್ಚಾಗಬಹುದು, ಕಡಿಮೆಯಾಗಬಹುದು. ಕಾರಣ ಕೇಳುವ ಹಕ್ಕು ಸಿಕ್ಕರೆ ಕೆಲಸಗಾರ ತಲೆಯೆತ್ತಿ ಮಾತಾಡಬಹುದು.

ಕಂಪನಿಗಳ ಕಡೆಯ ಮಾತನ್ನೂ ಕೇಳೋಣ. ಸುಳ್ಳು ಆರ್ಡರ್ ತೋರಿಸುವವರಿದ್ದಾರೆ, ಬೇರೆಯವರ ಹೆಸರಿನ ಐಡಿಯಲ್ಲಿ ಓಡಿಸುವವರಿದ್ದಾರೆ. ಗ್ರಾಹಕರ, ಅದರಲ್ಲೂ ಹೆಣ್ಣುಮಕ್ಕಳ ಸುರಕ್ಷತೆಯ ಪ್ರಶ್ನೆ ಇದೆ. ನಿಜ, ಇದನ್ನು ತಳ್ಳಿಹಾಕುವ ಹಾಗಿಲ್ಲ. ಅನುಮಾನ ಬಂದರೆ ಆ ಕ್ಷಣಕ್ಕೆ ಆರ್ಡರ್ ಕೊಡುವುದನ್ನು ನಿಲ್ಲಿಸಿ, ತಪ್ಪಿಲ್ಲ. ಆದರೆ ಎರಡು ದಿನದೊಳಗೆ ಆ ಮನುಷ್ಯನನ್ನು ಕರೆದು ಕೇಳಿ. ಊಟ ಎಲ್ಲಿಗೆ ಬಂತು ಅಂತ ನಿಮಿಷ ನಿಮಿಷಕ್ಕೂ ತೋರಿಸುವ ಕಂಪನಿಗೆ ಇಷ್ಟು ಮಾಡಲು ಆಗುವುದಿಲ್ಲವೇ?

ಇನ್ನು ಆ ಆ್ಯಪ್ ಬರೆಯುವವರ ಕಥೆ. ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆ ಎಸಿ ಕೋಣೆಯಲ್ಲಿ ಕೂತಿರುವ ಇಂಜಿನಿಯರಿಗೂ ಕೆಳಗೆ ಗೇಟಿನ ಹತ್ತಿರ ಬ್ಯಾಗ್ ಹೊತ್ತು ನಿಂತ ಹುಡುಗನಿಗೂ ಏನು ಸಂಬಂಧ ಅನ್ನಿಸಬಹುದು. ಸಂಬಂಧ ಇದೆ. ನಾನು ಆಗ ಹೇಳಿದ ಸ್ಟ್ಯಾಂಡಿಂಗ್ ಆರ್ಡರ್ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ಕರ್ನಾಟಕ ಸರ್ಕಾರ ವಿನಾಯಿತಿ ಕೊಡುತ್ತಲೇ ಬಂದಿದೆ. 2014ರಲ್ಲಿ ಕೊಟ್ಟಿತು, ಆಮೇಲೆ ಮುಂದುವರಿಸಿತು, 2024ರಲ್ಲಿ ಮತ್ತೆ 5 ವರ್ಷಕ್ಕೆ ಕೊಟ್ಟಿತು. ವಿನಾಯಿತಿಗೆ ಷರತ್ತುಗಳೂ ಇದ್ದವು. ಕುಂದುಕೊರತೆ ಸಮಿತಿ ಮಾಡಬೇಕು, ಯಾರನ್ನಾದರೂ ಕೆಲಸದಿಂದ ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಇದು ಸರಿಯಾಗಿ ನಡೆಯುತ್ತಿಲ್ಲ ಅನ್ನುವುದು ಐಟಿ ನೌಕರರ ಸಂಘ ಕೆಐಟಿಯುನ ಹಳೆಯ ದೂರು. ಕೆಲಸ ಕಳೆದುಕೊಂಡವರನ್ನು ಮಾತಾಡಿಸಿದರೆ ಕಥೆ ಒಂದೇ. ಸಣ್ಣ ಮೀಟಿಂಗ್‌ಗೆ ಕರೆಯುತ್ತಾರೆ. ರಾಜೀನಾಮೆ ನೀವೇ ಬರೆದುಕೊಡಿ ಅನ್ನುತ್ತಾರೆ. ಸಂಜೆಯೊಳಗೆ ಲ್ಯಾಪ್‌ಟಾಪ್ ಲಾಗಿನ್ ಆಗುವುದಿಲ್ಲ. ಇವರದೂ ಐಡಿ ಬ್ಲಾಕೇ ಅಲ್ವಾ?

ಇದರ ಮೇಲೆ ಇನ್ನಷ್ಟು ದುಡಿಯಿರಿ ಅನ್ನುವ ಉಪದೇಶ ಬೇರೆ. 2023ರಲ್ಲಿ ಇನ್ಫೊಸಿಸ್ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. 2024ರಲ್ಲಿ ಐಟಿಯವರ ದಿನದ ಕೆಲಸವನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾಪವೇ ಸರ್ಕಾರದ ಮುಂದೆ ಬಂದಿತ್ತು. ಕೆಐಟಿಯು ಬೀದಿಗಿಳಿದು ವಿರೋಧಿಸಿತು, ಪ್ರಸ್ತಾಪ ಹಿಂದೆ ಸರಿಯಿತು. ಒಂದು ಸಂಘ ಇದ್ದದ್ದರಿಂದ ಆದ ಕೆಲಸ ಇದು.

2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1946ರ ಆ ಕಾಯ್ದೆ ಈಗ ಅವುಗಳಲ್ಲೇ ಸೇರಿಹೋಗಿದೆ. ಹೇಗೂ ಹೊಸ ಪುಟ ತೆರೆದಿದೆ. ಐಟಿ ಕಂಪನಿಗಳಿಗೆ ಆ ವಿನಾಯಿತಿಯನ್ನು ರಾಜ್ಯ ಸರ್ಕಾರ ಇಲ್ಲಿಗೇ ಬಿಡಬೇಕು. ಗಿಗ್ ಕಾರ್ಮಿಕರ ಮಂಡಳಿ ಇನ್ನೊಂದು ಕೆಲಸ ಮಾಡಲಿ. ಯಾವ ಕಂಪನಿ ತಿಂಗಳಿಗೆ ಎಷ್ಟು ಐಡಿ ಬ್ಲಾಕ್ ಮಾಡಿತು, ಎಷ್ಟಕ್ಕೆ ನೋಟಿಸ್ ಕೊಟ್ಟಿತ್ತು ಅಂತ ಜನರ ಮುಂದಿಡಲಿ.

ಆ್ಯಪ್ ಕೆಲಸ ಮಾಡುತ್ತಲೇ ರೇಡಿಯೊ ಕೇಳುತ್ತಿರುವವರಿಗೆ ಒಂದು ಮಾತು. ನಿಮ್ಮ ಹೆಸರು ಮಂಡಳಿಯಲ್ಲಿ ನೋಂದಣಿ ಆಗಿದೆಯಾ ವಿಚಾರಿಸಿಕೊಳ್ಳಿ. ಆರ್ಡರ್ ಕೊಟ್ಟ ಸಮಯ, ರೇಟಿಂಗ್, ಕಂಪನಿಯಿಂದ ಬಂದ ಮೆಸೇಜುಗಳ ಸ್ಕ್ರೀನ್‌ಶಾಟ್ ಆಗಾಗ ತೆಗೆದು, ಮನೆಯವರ ಫೋನಿಗೂ ಕಳಿಸಿಡಿ. ಐಡಿ ಬ್ಲಾಕ್ ಆದ ಮೇಲೆ ಆ್ಯಪ್ ಒಳಗಿನದು ಯಾವುದೂ ನಿಮಗೆ ಕಾಣಿಸುವುದಿಲ್ಲ.

ನಮಸ್ಕಾರ.