ಬ್ರೀ ಟ್ಯಾನರ್ ಎಂಬ ಹುಡುಗಿ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಲೇಖಕಿ ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ ಮಾಲೆಯ ಮೂರನೆಯ ಕಾದಂಬರಿ ‘ಎಕ್ಲಿಪ್ಸ್’ ಪ್ರಕಟವಾದದ್ದು 2007ರಲ್ಲಿ. ಅದರ ಕೊನೆಯ ಭಾಗದಲ್ಲಿ, ಕಾಡಿನ ನಡುವಿನ ಬಯಲಿನಲ್ಲಿ ರಕ್ತಪಿಶಾಚಿಗಳ ಕಾಳಗ ಮುಗಿದು, ಸತ್ತವರನ್ನು ಸುಡುವ ಬೆಂಕಿಯಿಂದ ಹೊಗೆ ಏಳುತ್ತಿರುವಾಗ, ಅದರ ಪಕ್ಕದಲ್ಲಿ ಒಬ್ಬ ಹುಡುಗಿ ಮುದುಡಿ ಕುಳಿತಿರುತ್ತಾಳೆ. ವಯಸ್ಸು 15ರ ಆಸುಪಾಸು. ಶರಣಾಗಿದ್ದಾಳೆ, ಆದರೆ ಎದುರಿಗೆ ಮನುಷ್ಯಳೊಬ್ಬಳು ಬಂದು ನಿಂತಾಗ ರಕ್ತದ ದಾಹವನ್ನು ತಡೆಯಲಾರದೆ ನರಳುತ್ತಾಳೆ. ಆ ಮನುಷ್ಯಳೇ ಕಥೆಯ ನಾಯಕಿ ಬೆಲ್ಲಾ. ಕೆಲವೇ ಪುಟಗಳಲ್ಲಿ ಆ ಹುಡುಗಿಯನ್ನು ಕೊಲ್ಲಲಾಗುತ್ತದೆ, ಕಥೆ ಬೆಲ್ಲಾಳ ಮದುವೆಯ ಕಡೆಗೆ ಸಾಗುತ್ತದೆ.

ಓದುಗರಲ್ಲಿ ಹೆಚ್ಚಿನವರು ಅವಳನ್ನು ಮರೆತಿದ್ದರೂ ಆಶ್ಚರ್ಯವಿಲ್ಲ. ಮರೆಯಲಾಗದೆ ಹೋದದ್ದು ಬರೆದವರಿಗೆ. ‘ಎಕ್ಲಿಪ್ಸ್’ ಕೃತಿಯನ್ನು ತಿದ್ದುವ ದಿನಗಳಲ್ಲಿಯೇ ಮೇಯರ್ ಆ ಹುಡುಗಿಯ ಕಥೆಯನ್ನು ಆರಂಭಿಸಿದ್ದರು. ಮಾಲೆಯ ಕೈಪಿಡಿಯೊಂದರಲ್ಲಿ ಸಣ್ಣ ಬರಹವಾಗಿ ಸೇರಬೇಕಾಗಿದ್ದ ಅದು ಬೆಳೆಯುತ್ತ ಹೋಗಿ, ‘ದಿ ಶಾರ್ಟ್ ಸೆಕೆಂಡ್ ಲೈಫ್ ಆಫ್ ಬ್ರೀ ಟ್ಯಾನರ್’ ಎಂಬ ಹೆಸರಿನಲ್ಲಿ 2010ರ ಜೂನ್ 5ರಂದು ಬೇರೆಯ ಪುಸ್ತಕವಾಗಿಯೇ ಹೊರಬಂದಿತು. ಅದೇ ತಿಂಗಳ ಕೊನೆಗೆ ‘ಎಕ್ಲಿಪ್ಸ್’ ಚಲನಚಿತ್ರದ ಬಿಡುಗಡೆಯಿತ್ತು, ಆದ್ದರಿಂದ ವ್ಯಾಪಾರದ ಲೆಕ್ಕಾಚಾರ ಇರಲಿಲ್ಲ ಎನ್ನುವಂತಿಲ್ಲ. ಆದರೂ ಮೊದಲ ಮುದ್ರಣದ ಮಾರಾಟದಲ್ಲಿ ಪ್ರತಿಗೊಂದು ಡಾಲರ್ ಅಮೆರಿಕದ ರೆಡ್ ಕ್ರಾಸ್‌ಗೆ ಹೋಯಿತು, ಪುಸ್ತಕವನ್ನು ಸುಮಾರು ಒಂದು ತಿಂಗಳು ಅಂತರಜಾಲದಲ್ಲಿ ಉಚಿತವಾಗಿ ಓದಲೂ ಬಿಟ್ಟಿದ್ದರು.

ಬ್ರೀ ರಕ್ತಪಿಶಾಚಿಯಾಗಿ ಬದುಕಿದ್ದು ಮೂರು ತಿಂಗಳು. ಅದಕ್ಕೆ ಮುಂಚೆ ಅವಳು ಮನೆ ಬಿಟ್ಟು ಬಂದು ಬೀದಿಯಲ್ಲಿ ಹಸಿದಿದ್ದ ಹುಡುಗಿ. ರೈಲಿ ಎಂಬ ಯುವಕ ಅವಳನ್ನು ಪುಸಲಾಯಿಸಿ ಕರೆದೊಯ್ದಿದ್ದ. ಅವನ ಹಿಂದಿರುವವಳು ವಿಕ್ಟೋರಿಯಾ ಎಂಬ ರಕ್ತಪಿಶಾಚಿ. ಬೆಲ್ಲಾಳನ್ನು ಕೊಲ್ಲುವುದಕ್ಕೆಂದು ಅವಳು ಸಿಯಾಟಲ್ ನಗರದಲ್ಲಿ ಇಂಥ ಎಳೆಯರ ಪಡೆಯೊಂದನ್ನು ಕಟ್ಟುತ್ತಿದ್ದಾಳೆ ಎಂಬುದು ಆ ಎಳೆಯರಿಗೇ ತಿಳಿಯದು. ಮನೆಯೊಂದರ ನೆಲಮಾಳಿಗೆಯಲ್ಲಿ ಅವರು ಹಗಲೆಲ್ಲ ಕಚ್ಚಾಡುತ್ತಾರೆ, ಸಿಟ್ಟಿಗೆ ಒಬ್ಬರ ಕೈಯನ್ನು ಇನ್ನೊಬ್ಬರು ಕಿತ್ತೆಸೆಯುತ್ತಾರೆ. ಬ್ರೀ ಮಾತ್ರ ಫ್ರೆಡ್ ಎಂಬವನ ಬೆನ್ನಹಿಂದೆ ಮೂಲೆ ಹಿಡಿದು ಪುಸ್ತಕ ಓದುತ್ತಾಳೆ. ಹತ್ತಿರ ಬಂದವರಿಗೆ ಹೇಸಿಗೆ ಹುಟ್ಟಿಸಿ ದೂರವಿಡುವ ಶಕ್ತಿ ಫ್ರೆಡ್‌ನಲ್ಲಿದೆ. ಎಲ್ಲರೂ ದೂರವಿಡುವ ಅವನ ಹಿಂದೆಯೇ ಅವಳಿಗೆ ಆಸರೆ ಸಿಗುತ್ತದೆ.

ಈ ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗುಹೆಯ ಪ್ರಸಂಗ. ಬಿಸಿಲು ತಾಗಿದರೆ ಸುಟ್ಟು ಬೂದಿಯಾಗುತ್ತೀರಿ ಎಂದು ರೈಲಿ ಎಲ್ಲರನ್ನೂ ನಂಬಿಸಿದ್ದಾನೆ. ಒಂದು ದಿನ ಬೆಳಗಾಗುವ ಹೊತ್ತಿಗೆ ಮನೆ ಸೇರಲಾಗದೆ ಬ್ರೀ ಮತ್ತು ಅವಳ ಗೆಳೆಯ ಡಿಯೇಗೊ ನೀರಿನೊಳಗಿನಿಂದ ಸಾಗುವ ಗುಹೆಯೊಂದರಲ್ಲಿ ಅಡಗಿಕೊಳ್ಳುತ್ತಾರೆ. ಒಳಗೆ ಬಿದ್ದ ಬೆಳಕಿಗೆ ಡಿಯೇಗೊ ಮೈಯೊಡ್ಡಿ ನೋಡುತ್ತಾನೆ. ಅವಳು ಬೆಂಕಿಯನ್ನು ನಿರೀಕ್ಷಿಸುತ್ತಾಳೆ. ಅವನ ಚರ್ಮ ಹರಳಿನಂತೆ ಮಿರುಗುತ್ತದೆ, ಅಷ್ಟೇ. ಮುಖ್ಯ ಕಾದಂಬರಿಗಳಲ್ಲಿ ಇದೇ ಮಿರುಗು ಬೆಲ್ಲಾಳ ಪ್ರಿಯಕರನಾದ ರಕ್ತಪಿಶಾಚಿ ಎಡ್ವರ್ಡ್‌ನ ಚೆಲುವಿಗೆ ಹಚ್ಚಿದ ಅಲಂಕಾರವಾಗಿತ್ತು, ಅದನ್ನು ಗೇಲಿ ಮಾಡಿದವರೂ ಕಡಿಮೆಯೇನಲ್ಲ. ಇಲ್ಲಿ ಅದು ಸುಳ್ಳೊಂದನ್ನು ಬಯಲಿಗೆಳೆಯುವ ಸಾಕ್ಷಿ. ಆ ಮಕ್ಕಳಿಬ್ಬರ ನಡುವೆ ಚಿಗುರುವ ಪ್ರೀತಿಯಲ್ಲಿರುವ ಸರಳತೆ, ಮಾಲೆಯ ಮುಖ್ಯ ಜೋಡಿಯ ದೀರ್ಘ ಸಂಭಾಷಣೆಗಳಲ್ಲಿ ನನಗಂತೂ ಕಾಣಿಸಿಲ್ಲ.

ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಂಥರೆಯನ್ನು ಮಮತೆಯ ಕಣ್ಣಿನಿಂದ ಕಂಡದ್ದನ್ನು ಬಲ್ಲ ನಮಗೆ, ಮೂಲೆಗೆ ಬಿದ್ದ ಪಾತ್ರವನ್ನು ಎತ್ತಿ ಹಿಡಿಯುವ ಕೆಲಸ ಹೊಸದಲ್ಲ. ಆದರೆ ಕುವೆಂಪು ಅವರದು ಹೊಸದಾಗಿ ಕಟ್ಟಿದ ಕಾವ್ಯ. ಮೇಯರ್ ಅವರಿಗೋ ತಾವೇ ಮೂರು ವರ್ಷಗಳ ಹಿಂದೆ ಅಚ್ಚು ಹಾಕಿಸಿದ ಮಾತುಗಳ ಕಟ್ಟು ಇತ್ತು: ಬಯಲಿನಲ್ಲಿ ಯಾರು ಏನೆಂದರು ಎಂಬುದನ್ನು ಬದಲಿಸುವಂತಿಲ್ಲ, ಹುಡುಗಿಯನ್ನು ಉಳಿಸುವಂತೆಯೂ ಇಲ್ಲ. ಆ ಕಟ್ಟಿನಿಂದ ಕೆಲವು ದೋಷಗಳು ಉಳಿದುಕೊಂಡಿವೆ. ಕಾಳಗ ಅವಸರದಲ್ಲಿ ಮುಗಿಯುತ್ತದೆ, ಡಿಯೇಗೊನ ಸಾವು ತೆರೆಯ ಹಿಂದೆಯೇ ನಡೆದುಹೋಗುತ್ತದೆ. ಕಥೆಯನ್ನೆಲ್ಲ ‘ನಾನು’ ಎಂದು ಹೇಳುವವಳು ಸತ್ತೇ ಹೋಗುವಾಗ ಅದನ್ನು ನಮಗೆ ಹೇಳುತ್ತಿರುವವರು ಯಾರು ಎಂಬ ಪ್ರಶ್ನೆಯೂ ಇದ್ದೇ ಇರುತ್ತದೆ.

ಆದರೆ ಹಳೆಯ ಪುಟಗಳು ಇಲ್ಲಿ ಹೊಸ ಅರ್ಥ ಪಡೆಯುವ ಬಗೆ ಸೊಗಸಾಗಿದೆ. ರಕ್ತಪಿಶಾಚಿಗಳ ಕಾನೂನು ಕಾಯುವ ವೊಲ್ಟುರಿ ಪಂಗಡದ ಜೇನ್, ಈ ಪಡೆಯ ವಿಚಾರ ತಿಳಿದಿದ್ದೂ ತಡೆಯದೆ ಬಿಟ್ಟವಳು. ಬ್ರೀ ಅದನ್ನು ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದಾಳೆ. ಬಯಲಿನಲ್ಲಿ ಜೇನಳ ಎದುರು ಬಾಯಿಬಿಟ್ಟು ಹೇಳುವಂತಿಲ್ಲ. ಆದರೆ ಎಡ್ವರ್ಡ್ ಮನಸ್ಸನ್ನು ಓದಬಲ್ಲವನು ಎಂದು ಅವಳಿಗೆ ಅರಿವಾಗಿದೆ. ಆದ್ದರಿಂದ ಕಂಡದ್ದು ಕೇಳಿದ್ದನ್ನೆಲ್ಲ ಅವಳು ಸುಮ್ಮನೆ ನೆನೆದುಕೊಳ್ಳುತ್ತಾಳೆ, ತಪ್ಪಿಸಿಕೊಂಡು ಹೋದ ಫ್ರೆಡ್ ಎಲ್ಲಾದರೂ ಸಿಕ್ಕರೆ ಅವನನ್ನು ಕರುಣೆಯಿಂದ ಕಾಣಿರಿ ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಾಳೆ. ಅವಳನ್ನು ತಮ್ಮ ಹೊಣೆಗೆ ತೆಗೆದುಕೊಳ್ಳುವುದಾಗಿ ಎಡ್ವರ್ಡ್‌ನ ಸಾಕುತಂದೆ ಕಾರ್ಲೈಲ್ ಹೇಳಿದರೂ ಜೇನ್ ಒಪ್ಪುವುದಿಲ್ಲ, ಕೆಲಸ ಮುಗಿಸುವಂತೆ ತನ್ನ ಪಂಗಡದ ಫೆಲಿಕ್ಸ್‌ಗೆ ಅಪ್ಪಣೆ ಕೊಡುತ್ತಾಳೆ. ಆಗ ಎಡ್ವರ್ಡ್, ನೋಡಬೇಡ ಎಂದು ಬೆಲ್ಲಾಳಿಗೆ ಪಿಸುಗುಟ್ಟುತ್ತಾನೆ. ‘ಎಕ್ಲಿಪ್ಸ್’ನಲ್ಲಿ ಆ ಮಾತನ್ನು ಕೇಳಿ ಬೆಲ್ಲಾ ಅವನ ಎದೆಯಲ್ಲಿ ಮುಖ ಹುದುಗಿಸುತ್ತಾಳೆ. ಈ ಪುಸ್ತಕದಲ್ಲಿ ಅದೇ ಮಾತು ಬ್ರೀಯ ಕಿವಿಗೂ ಬೀಳುತ್ತದೆ, ಅವಳೂ ಕಣ್ಣು ಮುಚ್ಚುತ್ತಾಳೆ.

ನಮಸ್ಕಾರ.