ಬಾಗಿಲು ಮುಚ್ಚಿ, ನಮ್ಮ ಮಾತಿನಲ್ಲಿ ಕೇಳಿ

ನಮಸ್ಕಾರ. ನೆರೆಮನೆಯ ಅಕ್ಕನ ಜೊತೆ ಪೇಟೆಯ ಒಂದು ಆಸ್ಪತ್ರೆಗೆ ಹೋಗಿದ್ದೆ. ಅವರನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ. ನಮ್ಮದು ಕೇರಳದ ಗಡಿಯ ಕಾಸರಗೋಡು ಜಿಲ್ಲೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ಮಲಯಾಳ ಬಸ್ಸಿಗೆ, ಅಂಗಡಿಗೆ ಸಾಕಾಗುವಷ್ಟು ಬರುತ್ತದೆ.

ಒಪಿ ಚೀಟಿ ಬರೆಯುವಲ್ಲಿ, ಸಾಲಿನವರಿಗೆಲ್ಲ ಕೇಳುವ ಹಾಗೆ, ಏನು ತೊಂದರೆ ಎಂದು ಮಲಯಾಳದಲ್ಲಿ ಕೇಳಿದರು. ಅಕ್ಕ ಹೊಟ್ಟೆನೋವು ಎಂದರು. ಒಳಗೆ ಡಾಕ್ಟರ ಮೇಜಿನ ಪಕ್ಕ ಇನ್ನಿಬ್ಬರು ನಿಂತಿದ್ದರು. ಅಲ್ಲೂ ಹೊಟ್ಟೆನೋವೇ. ಗ್ಯಾಸಿನ ಮಾತ್ರೆ ಕೊಟ್ಟರು. ಬಸ್ಸು ಕುಂಬಳೆ ದಾಟಿದ ಮೇಲೆ ಅಕ್ಕ ಮೆಲ್ಲನೆ ಹೇಳಿದರು: "ಬಿಳಿ ಜಾಸ್ತಿ ಹೋಗ್ತಾ ಉಂಟು. ವಾಸನೆಯೂ ಉಂಟು."

ಕಿಬ್ಬೊಟ್ಟೆ ನೋವು, ಜೊತೆಗೆ ಬಿಳಿಸ್ರಾವ. ಲೈಂಗಿಕ ಸೋಂಕು ಗರ್ಭಕೋಶಕ್ಕೆ, ಅಂಡನಾಳಗಳಿಗೆ ಏರಿರಬಹುದು ಎನ್ನುವುದಕ್ಕೆ ಇದು ಸೂಚನೆ. ಬಿಟ್ಟರೆ ಮುಂದೆ ಮಕ್ಕಳಾಗುವುದೇ ಕಷ್ಟವಾಗಬಹುದು. ಸರಕಾರದ ಲೈಂಗಿಕ ಸೋಂಕು ಚಿಕಿತ್ಸಾ ಕೇಂದ್ರಗಳಲ್ಲಿ, ಕೇರಳದಲ್ಲಿ ಅವಕ್ಕೆ ಪುಲರಿ ಎನ್ನುತ್ತಾರೆ, ಇದಕ್ಕೆ ಹಳದಿ ಬಣ್ಣದ ಔಷಧಿ ಕಿಟ್ ಇದೆ. 14 ದಿನದ ಔಷಧಿ, ಉಚಿತ. ಗಂಡನಿಗೂ ಬೂದು ಬಣ್ಣದ ಕಿಟ್. ಅವನಿಗೆ ಏನೂ ಲಕ್ಷಣ ಇಲ್ಲದಿದ್ದರೂ ಕೊಡಬೇಕು. ಇಲ್ಲದಿದ್ದರೆ ಸೋಂಕು ಮತ್ತೆ ಹೆಂಡತಿಗೇ ಬರಬಹುದು.

ಈ ಕಿಟ್‌ಗಳಿಗೆ ಲ್ಯಾಬ್ ವರದಿ ಕಾಯಬೇಕಾಗಿಲ್ಲ. ಲಕ್ಷಣ ಕೇಳಿ, ನೋಡಿ, ಅವತ್ತೇ ಕೊಡುತ್ತಾರೆ. ಎಚ್‌ಐವಿ, ಸಿಫಿಲಿಸ್‌ನಂಥವಕ್ಕೆ ಮಾತ್ರ ರಕ್ತ ಪರೀಕ್ಷೆ ಬೇಕು. ಅಂದರೆ ಇಲ್ಲಿ ಮಾತೇ ಪರೀಕ್ಷೆ, ಅಲ್ವಾ? ಬಾಯಿ ಬಿಡಲು ಆಗದ ಜಾಗದಲ್ಲಿ, ಸರಿಯಾಗಿ ಬಾರದ ಭಾಷೆಯಲ್ಲಿ ಕೇಳಿದರೆ ಆ ಪರೀಕ್ಷೆಯೇ ತಪ್ಪಾಗುತ್ತದೆ. ಕಪಾಟಿನ ತುಂಬ ಕಿಟ್ ಇದ್ದರೂ ಅಕ್ಕನಿಗೆ ಸಿಗುವುದು ಗ್ಯಾಸಿನ ಮಾತ್ರೆ.

ಗಂಡಸರು ಉರಿಮೂತ್ರ ಬಂದರೆ ಸೀದಾ ಮೆಡಿಕಲ್‌ಗೆ ಹೋಗಿ ಎರಡು ಮಾತ್ರೆ ನುಂಗುತ್ತಾರೆ. ಹೆಂಡತಿಗೆ ಸುದ್ದಿಯೇ ಇಲ್ಲ. ಇನ್ನು ಕೆಲವರು ಗುರುತಿನವರು ಸಿಗಬಾರದು ಎಂದು ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಒಂದು ದಿನದ ಸಂಬಳ ಹೋಗುತ್ತದೆ. ಎರಡನೇ ಸಲ ಯಾರು ಹೋಗುತ್ತಾರೆ? 2020ರಲ್ಲಿ ಕೋವಿಡ್ ಎಂದು ಗಡಿ ಮುಚ್ಚಿದಾಗ ಆ ದಾರಿಯೂ ಇರಲಿಲ್ಲ.

ನಾನು ಕೇಳುವುದು ದೊಡ್ಡ ಕಟ್ಟಡ ಅಲ್ಲ. ಕಾಸರಗೋಡು, ಮಂಜೇಶ್ವರ ತಾಲೂಕಿನ ಆಸ್ಪತ್ರೆಗಳಲ್ಲಿ ಮುಚ್ಚುವ ಬಾಗಿಲಿನ ಒಂದು ಕೋಣೆ ಬೇಕು. ಅಲ್ಲಿ ಕನ್ನಡವೋ ತುಳುವೋ ಬಲ್ಲ ಒಬ್ಬರು ಕೂತಿರಬೇಕು. ಮದುವೆಯಾಗಿದೆಯಾ ಎಂದು ಕೇಳುವ ಮೊದಲು ಏನಾಗುತ್ತಿದೆ ಎಂದು ಕೇಳಬೇಕು.

ಅಕ್ಕನನ್ನು ಮುಂದಿನ ವಾರ ಬೇರೆ ಕಡೆ ಕರೆದುಕೊಂಡು ಹೋದೆ. ಅಲ್ಲಿನ ನರ್ಸ್ ಬಾಗಿಲು ಮುಚ್ಚಿ, "ಬಲೆ ಅಕ್ಕ, ಕುಲ್ಲುಲೆ" ಎಂದರು, ಬನ್ನಿ, ಕೂತುಕೊಳ್ಳಿ ಎಂದು ತುಳುವಿನಲ್ಲೇ. ಹತ್ತು ನಿಮಿಷದಲ್ಲಿ ಎಲ್ಲ ಹೇಳಿ ಆಯಿತು. ಔಷಧಿ ಸಿಕ್ಕಿತು, ನೋವೂ ಕಡಿಮೆಯಾಯಿತು. ಗಂಡನನ್ನು ಕರೆತನ್ನಿ ಎಂದೂ ಹೇಳಿ ಕಳಿಸಿದ್ದರು. ಅವರು ಬರಲು ಇನ್ನೂ ಒಪ್ಪಿಲ್ಲ.