ಮಗುವಿನ ಜೊತೆ ಮಾತಾಡಲು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕೆ?

ನಮಸ್ಕಾರ. ಹಿಂದಿನ ಸಂಚಿಕೆ ಕೇಳಿದವರೊಬ್ಬರು ಬರೆದು ಕಳುಹಿಸಿದ ಮಾತು ನನ್ನನ್ನು ಕೆರಳಿಸಿದೆ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ದುಡಿಯುವ ತಾಯಂದಿರು ಓದಿದವರಲ್ಲ, ಆದ್ದರಿಂದ ಅವರ ಮಕ್ಕಳ ಮಿದುಳು ಅಷ್ಟಕ್ಕಷ್ಟೇ ಬೆಳೆಯುತ್ತದೆ, ಇದು ವಿಜ್ಞಾನವೇ ಹೇಳಿದ ಸತ್ಯ ಎಂದು ಅವರು ತೀರ್ಪು ಕೊಟ್ಟಿದ್ದಾರೆ. ವಿಜ್ಞಾನ ಹಾಗೆ ಹೇಳಿಲ್ಲ.

ಅವರು ಆಧಾರವಾಗಿ ತೋರಿಸಿದ್ದು ನರವಿಜ್ಞಾನಿ ಕಿಂಬರ್ಲಿ ನೋಬಲ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಅಮೆರಿಕದಲ್ಲಿ 3ರಿಂದ 20 ವರ್ಷದ 1,099 ಮಂದಿಯ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಹೆತ್ತವರು ಹೆಚ್ಚು ವರ್ಷ ಓದಿದ್ದಷ್ಟೂ ಮಕ್ಕಳ ಮಿದುಳಿನ ಹೊರಪದರದ ವಿಸ್ತೀರ್ಣ ಸರಾಸರಿಯಲ್ಲಿ ಹೆಚ್ಚಿರುವುದು ಕಂಡಿತು. ಒಪ್ಪುತ್ತೇನೆ. ಆದರೆ ಎರಡು ಸಂಗತಿಗಳು ಜೊತೆಯಾಗಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ, ಸರಾಸರಿಯನ್ನು ಹಿಡಿದು ಯಾವ ಮಗುವಿನ ಹಣೆಬರಹವನ್ನೂ ಬರೆಯಲಾಗುವುದಿಲ್ಲ. ಓದಿದವರ ಮನೆಯಲ್ಲಿ ಸಾಮಾನ್ಯವಾಗಿ ಊಟ, ಔಷಧಿ, ಬಿಡುವು ಹೆಚ್ಚಿರುತ್ತವೆ. ಮಗುವಿನೊಂದಿಗೆ ಮಾತಿಗೆ ಮರುಮಾತು ನಡೆಯಲು ಅವಕಾಶವಿರುತ್ತದೆ. ಪೆಟ್ಟಿಗೆಯೊಳಗಿನ ಅಂಕಪಟ್ಟಿ ಮಗುವಿನ ನರಕೋಶಗಳನ್ನು ಬೆಸೆಯುವುದಿಲ್ಲ.

ರೇಚಲ್ ರೋಮಿಯೊ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ್ದನ್ನು ಅವರು ಓದಿದಂತಿಲ್ಲ. 4ರಿಂದ 6 ವರ್ಷದ ಮಕ್ಕಳಲ್ಲಿ, ಮನೆಯ ಹಿರಿಯರೊಂದಿಗೆ ಹೆಚ್ಚು ಮಾತುಕತೆ ನಡೆಸುತ್ತಿದ್ದವರ ಮಿದುಳಿನಲ್ಲಿ ಭಾಷೆಯ ಕೆಲಸ ಮಾಡುವ ಬ್ರೋಕಾ ಎಂಬ ಭಾಗ ಕಥೆ ಕೇಳುವಾಗ ಹೆಚ್ಚು ಚುರುಕಾಗಿತ್ತು. ಹೆತ್ತವರ ಓದು ಮತ್ತು ವರಮಾನದ ಪ್ರಭಾವವನ್ನು ಲೆಕ್ಕದಿಂದ ಬದಿಗಿಟ್ಟರೂ ಈ ಸಂಬಂಧ ಉಳಿಯಿತು. ಮಾತಿಗೆ ಮರುಮಾತು ಎಂದು ನಾನು ಹೇಳುತ್ತಿರುವುದು ಇದನ್ನೇ.

ಇನ್ನೂ ಬಲವಾದ ಸಾಕ್ಷಿ ಜಮೈಕಾದ್ದು. 1986–87ರಲ್ಲಿ ಕಿಂಗ್‌ಸ್ಟನ್ನಿನ ಬಡ ಬಡಾವಣೆಗಳಲ್ಲಿ ಬೆಳವಣಿಗೆ ಕುಂಠಿತವಾಗಿದ್ದ 129 ಮಕ್ಕಳನ್ನು ಆರಿಸಿ, ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು 2 ವರ್ಷ ಕಾಲ ವಾರಕ್ಕೊಮ್ಮೆ ಹೋಗಿ, ಮಗುವಿನೊಂದಿಗೆ ಆಡುವುದನ್ನೂ ಮಾತಾಡುವುದನ್ನೂ ತಾಯಂದಿರಿಗೆ ಹೇಳಿಕೊಟ್ಟರು. ಆಟಿಕೆಗಳು ಮನೆಯಲ್ಲೇ ಮಾಡಿದವು. 20 ವರ್ಷಗಳ ಬಳಿಕ ಆ ಮಕ್ಕಳ ಗಳಿಕೆ ಉಳಿದವರಿಗಿಂತ ಸುಮಾರು 25 ಪ್ರತಿಶತ ಹೆಚ್ಚಿತ್ತು. ತಾಯಂದಿರಿಗೆ ಯಾರೂ ಪದವಿ ಕೊಡಿಸಿರಲಿಲ್ಲ!

ಹಾಗಾದರೆ ಹೆಣ್ಣುಮಕ್ಕಳು ಓದುವುದೇ ಬೇಡವೇ ಎಂದು ಕೆಲವರು ಕೇಳುತ್ತಾರೆ. ಹಾಗೆಂದವರು ಯಾರು? ಓದಲಿ, ಎಷ್ಟು ಬೇಕಾದರೂ ಓದಲಿ. ಎಲ್ಲವೂ ವಂಶವಾಹಿಯ ಆಟ ಎನ್ನುವವರಿಗೆ ಜಮೈಕಾದ ಫಲಿತಾಂಶವೇ ಉತ್ತರ. ದುಡಿಯುವ ತಾಯಿಗೆ ಸಮಯವೆಲ್ಲಿ ಎನ್ನುವವರು ಒಮ್ಮೆ ನಮ್ಮ ಹಳ್ಳಿಗಳಿಗೆ ಬಂದು ನೋಡಲಿ. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ, ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟೆಗೆ ಬಿಡುವಾಗ, 'ಇದು ಯಾಕಮ್ಮಾ ಹಳದಿಯಾಗಿದೆ' ಎಂದು ಕೇಳುವ ಮಗುವಿಗೆ ತಾಯಿ ಉತ್ತರಿಸಿ, ತಿರುಗಿ ಒಂದು ಪ್ರಶ್ನೆ ಕೇಳಿದರೆ ಅದೇ ಮಾತಿಗೆ ಮರುಮಾತು. ಆಂಧ್ರ ಗಡಿಯ ಬಾಗೇಪಲ್ಲಿಯ ಮನೆಗಳಲ್ಲಿ ಅದು ತೆಲುಗಿನಲ್ಲಿ ನಡೆದರೂ ಮಿದುಳಿಗೆ ಯಾವ ಕೊರತೆಯೂ ಇಲ್ಲ.

ನನಗೆ ಸಿಟ್ಟು ಬರುವುದು ಇಲ್ಲಿಯೇ. ನಿನಗೆ ಓದು ಬರುವುದಿಲ್ಲ, ನೀನು ಸುಮ್ಮನಿರು ಎಂದು ಆ ತಾಯಿಯ ಬಾಯಿ ಮುಚ್ಚಿಸಿ, ಎರಡೂವರೆ ವರ್ಷದ ಮಗುವನ್ನು ಸಾಲ ಮಾಡಿ ಶುಲ್ಕ ಕಟ್ಟಿಸಿ ಕಾನ್ವೆಂಟಿಗೆ ಅಟ್ಟುವವರು ಮಗುವಿನ ಹಿತೈಷಿಗಳಲ್ಲ. ಅವಳನ್ನು ಮಾತಾಡಲು ಬಿಡಿ. ಮಗುವೂ ಮಾತಾಡಲಿ. ಮುಂದಿನ ಸಂಚಿಕೆಯಲ್ಲಿ ನಮ್ಮ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಇದೇ ವಿಷಯವಾಗಿ ಮಾತಾಡಲಿದ್ದಾರೆ; ವಾಹಿನಿಗೆ ಚಂದಾದಾರರಾಗಿ, ಈ ಸಂಚಿಕೆಯನ್ನು ನಿಮ್ಮ ಮನೆಯ ಹೊಸ ತಾಯಿಗೆ ತಪ್ಪದೆ ಕೇಳಿಸಿ.